ಪ್ರತಿ: ಪಿಯುಸಿ ದಿನಗಳ ಕುಡಿತಕ್ಕೂ ಈಗಿನ ಗಾಬರಿಗೂ ಸಂಬಂಧ ಇದೆಯಾ?

ನಿಮ್ಮ ತಮ್ಮ ಪಿಯುಸಿಯಲ್ಲೇ ಬಿಯರ್ ಶುರುಮಾಡಿದ್ದ, ಈಗ ಮೂವತ್ತರ ಹತ್ತಿರ, ಸುಮ್ಮಸುಮ್ಮನೆ ಗಾಬರಿ, ಸಂಜೆಯಾದರೆ ಬಾಟಲಿ ಅಂದಿದ್ದೀರಿ. ಸಂಬಂಧ ಇರಬಹುದು. ಆದರೆ ಅವನೊಬ್ಬನ ವಿಷಯದಲ್ಲಿ ಇದೇ ಕಾರಣ ಅಂತ ಯಾವ ಸ್ಕ್ಯಾನೂ ಹೇಳಲಾರದು.

ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸುಭಾಷ್ ಪಾಂಡೆ ಅವರ ತಂಡ ಹರೆಯದ ಇಲಿಗಳಿಗೆ ಎರಡು ದಿನ ಆಲ್ಕೋಹಾಲ್, ಎರಡು ದಿನ ಬಿಡುವು ಅಂತ ಸುಮಾರು ಎರಡು ವಾರ ಕೊಟ್ಟು ನಿಲ್ಲಿಸಿತು. (ನಮ್ಮ ಹುಡುಗರ ವೀಕೆಂಡ್ ಪಾರ್ಟಿಯ ಲೆಕ್ಕವೇ!) ದೊಡ್ಡವಾದ ಮೇಲೆ ಅವುಗಳಿಗೆ ಆತಂಕವೂ ಜಾಸ್ತಿ, ಕುಡಿತವೂ ಜಾಸ್ತಿ. ಭಯವನ್ನು ನಿಭಾಯಿಸುವ ಮಿದುಳಿನ ಭಾಗವಾದ ಅಮಿಗ್ಡಲಾದಲ್ಲಿ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಮೇಲಿನ ಅಸಿಟೈಲ್ ಎಂಬ ರಾಸಾಯನಿಕ ಗುರುತುಗಳು ಕಡಿಮೆಯಾಗಿ ಸುತ್ತು ಬಿಗಿದಿತ್ತು; ಇದರಿಂದ ನರಕೋಶಗಳ ಸಂಪರ್ಕಕ್ಕೆ ಬೇಕಾದ ಬಿಡಿಎನ್‌ಎಫ್, ಆರ್ಕ್ ಜೀನುಗಳು ಮಂಕಾಗಿದ್ದವು. 2022ರಲ್ಲಿ ಅದೇ ತಂಡ ಬೇಕಾದ ಜೀನನ್ನೇ ಗುರಿಯಿಡುವ ಕ್ರಿಸ್ಪರ್ ತಂತ್ರದಿಂದ ಆರ್ಕ್ ಜೀನನ್ನು ಮತ್ತೆ ಚುರುಕುಗೊಳಿಸಿದಾಗ ಆತಂಕ, ಕುಡಿತ ಎರಡೂ ಇಳಿದವು. ನನಗೆ ಮುಖ್ಯ ಅನ್ನಿಸೋದು ಈ ಭಾಗವೇ. ಮನುಷ್ಯರಿಗೆ ಈ ಚಿಕಿತ್ಸೆ ಇನ್ನೂ ಬಂದಿಲ್ಲ, ಅಷ್ಟೆ.

"ಕುಡಿದರೆ ಸಮಾಧಾನ" ಅಂತ ನಿಮ್ಮ ತಮ್ಮ ಹೇಳ್ತಾನಲ್ಲ, ಅದು ಸುಳ್ಳಲ್ಲ. ಮದ್ಯ ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಒತ್ತು ಕೊಡುತ್ತದೆ. ನಶೆ ಇಳಿದಾಗ ಗಾಬರಿ ಇನ್ನಷ್ಟು ಏರುತ್ತದೆ. ಅವನ ಗಾಬರಿಯಲ್ಲಿ ಇದರ ಪಾಲೂ ಇರಬಹುದು.

ದಿನಾ ಹೆಚ್ಚು ಕುಡಿಯುತ್ತಿದ್ದರೆ ಮನೆಯಲ್ಲೇ ಒಮ್ಮೆಲೇ ಬಿಡಿಸಬೇಡಿ, ಫಿಟ್ಸ್ ಬರಬಹುದು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ದೂರವಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಹತ್ತಿರ ಗಾಬರಿ, ಕುಡಿತ ಎರಡನ್ನೂ ಒಟ್ಟಿಗೇ ಹೇಳಿ.