ಕಾಲುವೆ ತೋಡಬೇಡಿ, ಬದು ಕಟ್ಟಿ

ಪ್ರಶ್ನೆ: ನಾನು ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. 10 ಮಿ.ಮೀ. ಉದ್ದದ ಪಿಪಿಎಲ್‌ಎನ್ ಕ್ರಿಸ್ಟಲ್ (ಡೊಮೇನ್‌ಗಳನ್ನು, ಅಂದರೆ ಒಳಗಿನ ಪಟ್ಟಿಗಳ ಧ್ರುವದಿಕ್ಕನ್ನು, ಒಂದು ಬಿಟ್ಟು ಒಂದರಂತೆ ತಿರುಗಿಸಿದ ಲಿಥಿಯಂ ನಯೋಬೇಟ್; ಡೋಪ್ ಮಾಡದ್ದು, ಅಂದರೆ ಬೇರೇನೂ ಬೆರೆಸದ್ದು) ಒಳಗೆ ಅತಿ ಕಿರು ಪಲ್ಸ್‌ಗಳ ಫೆಮ್ಟೊಸೆಕೆಂಡ್ ಲೇಸರಿನಿಂದ ಒಂದು ಗೆರೆ ಬರೆದು, ಅದರಲ್ಲಿ 1064 ನ್ಯಾನೊಮೀಟರ್‌ನ ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಅದರ ಅರ್ಧ ಅಲೆಯುದ್ದದ 532ರ ಹಸಿರು ಪಡೆಯಲು ಹೊರಟಿದ್ದೇನೆ. ಇನ್‌ಫ್ರಾರೆಡ್ ಆಚೆ ಬರುತ್ತಿತ್ತು, ಹಸಿರು ಮಾತ್ರ ಮಂಕು. ಕ್ರಿಸ್ಟಲ್ ಮಾರಿದವರು ಹೇಳಿದಂತೆ ಓವನ್ 160 ಡಿಗ್ರಿಗೆ ಇಟ್ಟ ಮೇಲೆ ವೇವ್‌ಗೈಡೇ (ಬೆಳಕು ಓಡುವ ಆ ದಾರಿಯೇ) ಮಾಯ. ಎಲ್ಲಿ ಎಡವಿದೆ?

ಉತ್ತರ: ಆ ಒಂಟಿ ಗೆರೆಯಲ್ಲಿ. 1996ರಲ್ಲಿ ಜಪಾನಿನ ತಂಡವೊಂದು ಗಾಜಿನೊಳಗೆ ಹೀಗೆ ಬರೆದು ತೋರಿಸಿತು. ಬರೆದ ಜಾಗದಲ್ಲೇ ಬೆಳಕು ಓಡುತ್ತದೆ ಎಂಬ ರೂಢಿ ಅಲ್ಲಿಂದ ಬಂದದ್ದು. ಲಿಥಿಯಂ ನಯೋಬೇಟ್‌ನಲ್ಲೂ ಕಡಿಮೆ ಶಕ್ತಿಯ ಪಲ್ಸ್ ಕೊಟ್ಟರೆ ಗೆರೆಯ ವಕ್ರೀಭವನಾಂಕ (ಇದು ಸುತ್ತಲಿಗಿಂತ ಹೆಚ್ಚಿರುವ ಕಡೆ ಬೆಳಕು ಸೆರೆಯಾಗಿ ಓಡುತ್ತದೆ) ತುಸು ಏರುತ್ತದೆ, ನಿಜ. ಆದರೆ ಅಲ್ಲಿನ ಹರಳಿನ ಜೋಡಣೆ ಕೆಟ್ಟು, ಹಸಿರು ಹುಟ್ಟಿಸುವ ನಾನ್‌ಲೀನಿಯರ್ ಗುಣವೇ ಕುಗ್ಗಿರುತ್ತದೆ. ಸಾಲದ್ದಕ್ಕೆ 150 ಡಿಗ್ರಿ ಹತ್ತಿರ ಬಂದರೆ ಆ ಗೆರೆ ಅಳಿಸಿಯೂ ಹೋಗುತ್ತದೆ. ನಿಮ್ಮ ಓವನ್ ಮಾಡಿದ್ದು ಅದನ್ನೇ.

ತೋಟದಲ್ಲಿ ಎರಡು ಬದು ಕಟ್ಟಿ ನಡುವೆ ನೀರು ಹಾಯಿಸುತ್ತೇವಲ್ಲ, ಇಲ್ಲಿಯೂ ಹಾಗೆಯೇ. ಪಲ್ಸ್ ಶಕ್ತಿ ಏರಿಸಿ ಹರಳಿಗೆ ಬೇಕೆಂದೇ ಪೆಟ್ಟು ಕೊಡುವ ಎರಡು ಗೆರೆಗಳನ್ನು ಸುಮಾರು 15 ಮೈಕ್ರಾನ್ ಅಂತರದಲ್ಲಿ, ಮೇಲ್ಮೈಯಿಂದ 150 ಮೈಕ್ರಾನ್ ಆಳದಲ್ಲಿ ಬರೆಯಿರಿ. ಗೆರೆಗಳು ಡೊಮೇನ್ ಗೋಡೆಗಳನ್ನು ಅಡ್ಡಹಾಯಬೇಕು. ಪೆಟ್ಟು ತಿಂದ ಭಾಗ ಹಿಗ್ಗಿ ಪಕ್ಕಕ್ಕೆ ಒತ್ತುವುದರಿಂದ ನಡುವಿನ ಪಟ್ಟಿಯ ವಕ್ರೀಭವನಾಂಕ ಹೆಚ್ಚುತ್ತದೆ. ಅಲ್ಲಿಗೆ ಲೇಸರ್ ಸೋಕಿಲ್ಲದ ಕಾರಣ ಡೊಮೇನ್‌ಗಳು ಹಾಗೇ ಉಳಿದಿರುತ್ತವೆ. ಸುತ್ತಲೂ ವೃತ್ತಾಕಾರವಾಗಿ ಗೆರೆ ಬರೆದು ಬೇಲಿ ಹಾಕುವ ವಿಧಾನವೂ ಇದೆ. ಅದರಲ್ಲಿ ತಳದ ಗೆರೆ ಮೊದಲು, ಮೇಲಿನದು ಕೊನೆಗೆ. ಉಲ್ಟಾ ಮಾಡಿದರೆ ಮೇಲಿನ ಗೆರೆಗಳು ಕೆಳಗಿನವಕ್ಕೆ ಹೋಗುವ ಬೆಳಕನ್ನು ಚದುರಿಸುತ್ತವೆ. ಮೊದಲ ಸಲಕ್ಕೆ ಜೋಡಿ ಗೆರೆಯೇ ಸಾಕು.

ಪಲ್ಸ್ ಶಕ್ತಿಯನ್ನು ನಮ್ಮಿಂದ ಕೇಳಿ ಹೊಂದಿಸಬೇಡಿ. ಲೆನ್ಸ್, ಪಲ್ಸ್ ಅವಧಿ, ಆಳ ಬದಲಾದರೆ ಅದೂ ಬದಲಾಗುತ್ತದೆ. ಬೇಡವಾದ ತುಂಡೊಂದರಲ್ಲಿ 0.1 ಮೈಕ್ರೋಜೂಲ್‌ನಿಂದ ಮೆಟ್ಟಿಲುಮೆಟ್ಟಿಲಾಗಿ ಏರಿಸುತ್ತಾ ಬರೆದು ಮೈಕ್ರೋಸ್ಕೋಪಿನಲ್ಲಿ ನೋಡಿ. ಗೆರೆ ಕಪ್ಪಗೆ, ಒಂದೇ ಸಮ ಕಾಣಬೇಕು. ಕವಲೊಡೆದ ಬಿರುಕು ಕಂಡರೆ ಒಂದು ಮೆಟ್ಟಿಲು ಇಳಿಯಿರಿ. ತುದಿಗಳಲ್ಲಿ ಬೀಮಿನ ಅರ್ಧ ಅಂಚಿಗೆ ತಾಗಿ ಗೆರೆ ಕೆಡುವುದರಿಂದ, ಬರೆದಾದ ಮೇಲೆ ಎರಡೂ ಮುಖಗಳನ್ನು 150–200 ಮೈಕ್ರಾನಿನಷ್ಟು ಉಜ್ಜಿ ಪಾಲಿಶ್ ಮಾಡಿಸಿ. ಪ್ರತಿಫಲನ ತಡೆಯುವ ಕೋಟಿಂಗ್ ಇಲ್ಲದಿದ್ದರೆ ಪ್ರತಿ ಮುಖದಲ್ಲೂ ಶೇ. 14ರಷ್ಟು ಬೆಳಕು ಹಿಂದಕ್ಕೆ ಬರುತ್ತದೆ.

ಇಷ್ಟು ಪಾಡು ಏಕೆಂದರೆ, 6 ಮೈಕ್ರಾನ್ ತ್ರಿಜ್ಯಕ್ಕೆ ಹಿಂಡಿದ 1064ರ ಬೀಮ್ ಬರಿಯ ಕ್ರಿಸ್ಟಲ್‌ನಲ್ಲಿ ಕಾಲು ಮಿಲಿಮೀಟರ್ ಸಾಗುವುದರೊಳಗೆ ಹರಡತೊಡಗುತ್ತದೆ. ವೇವ್‌ಗೈಡಿನಲ್ಲಿ ಅದೇ ಬಿಗಿ 10 ಮಿಲಿಮೀಟರಿನುದ್ದಕ್ಕೂ ಉಳಿಯುತ್ತದೆ. ಆದರೆ ಫೈಬರಿನ ತುದಿಯನ್ನು ನೇರ ಒತ್ತಿ ಬೆಳಕು ತುಂಬಬೇಡಿ: ಫೈಬರಿನ 6 ಮೈಕ್ರಾನ್ ವ್ಯಾಸದ ಮೋಡ್ (ಬೆಳಕು ಹರಡಿಕೊಂಡಿರುವ ಆಕಾರ) ಗೈಡಿನ 12 ಮೈಕ್ರಾನಿನದಕ್ಕೆ ಸೇರುವಾಗ ಮೂರನೇ ಒಂದು ಪಾಲಿಗೂ ಹೆಚ್ಚು ಅಲ್ಲೇ ಸೋರುತ್ತದೆ. ನಡುವೆ ಲೆನ್ಸ್ ಜೋಡಿಯಿರಲಿ.

ಪೋಲರೈಸೇಶನ್ (ಬೆಳಕಿನ ಅಲೆ ಕಂಪಿಸುವ ದಿಕ್ಕು) ಕ್ರಿಸ್ಟಲ್‌ನ ಅಗಲ ಮುಖಕ್ಕೆ ಲಂಬವಾಗಿರಬೇಕು. ಆ ದಿಕ್ಕನ್ನು ಬದಲಿಸುವ ಹಾಫ್-ವೇವ್ ಪ್ಲೇಟ್ ತಿರುಗಿಸಿ ಸರಿಮಾಡಿ. ‘ಇನ್‌ಫ್ರಾರೆಡ್ ಬರುತ್ತಿದೆ’ ಎಂದು ಪವರ್ ಮೀಟರ್ ನೋಡಿ ನಂಬಬೇಡಿ, ಗೈಡಿನ ಹೊರಗೆ ಹರಿದದ್ದೂ ಅದರಲ್ಲಿ ಸೇರಿರುತ್ತದೆ. ಹೊರ ಮುಖವನ್ನು ಕ್ಯಾಮೆರಾದಲ್ಲಿ ನೋಡಿ.

ಇನ್ನು ತಾಪಮಾನ. ಲೇಬಲ್ಲಿನ ಅಂಕಿ ಬರಿಯ ಕ್ರಿಸ್ಟಲ್‌ಗೆ ಹೊಂದಿದ್ದು. ವೇವ್‌ಗೈಡಿನಲ್ಲಿ ಅದು ಕೆಲವು ಡಿಗ್ರಿ ಆಚೀಚೆಯಾಗುತ್ತದೆ. 10 ಮಿ.ಮೀ. ಉದ್ದಕ್ಕೆ ಹಸಿರು ಹೊಳೆಯುವ ಅವಕಾಶ ಎರಡು-ಮೂರು ಡಿಗ್ರಿಯಷ್ಟೇ, ಆದ್ದರಿಂದ 0.2 ಡಿಗ್ರಿ ಹೆಜ್ಜೆಯಲ್ಲಿ ಹುಡುಕಿ. ಹಸಿರು ಎರಡು ಚುಕ್ಕೆಯಾಗಿ ಕಂಡರೆ ಅದು ಮೇಲಿನ ದರ್ಜೆಯ ಮೋಡ್‌ನಲ್ಲಿ ಹುಟ್ಟಿದೆ, ಇನ್ನೂ ಹುಡುಕಿ.

ಮುಂದಿನ ಕ್ರಿಸ್ಟಲ್ ಕೊಳ್ಳುವಾಗ 5 ಮೋಲ್ ಶೇಕಡಾ ಮೆಗ್ನೀಸಿಯಂ ಆಕ್ಸೈಡ್ ಸೇರಿಸಿದ್ದನ್ನೇ ಕೇಳಿ. 1064ಕ್ಕೆ ಡೊಮೇನ್ ಅವಧಿ (ಒಂದು ಜೋಡಿ ಪಟ್ಟಿಯ ಅಗಲ) 7 ಮೈಕ್ರಾನಿನ ಆಸುಪಾಸು. ಡೋಪ್ ಮಾಡದ್ದರಲ್ಲಿ ಹಸಿರೇ ವಕ್ರೀಭವನಾಂಕ ಕದಲಿಸಿ ಬೀಮ್ ಕೆಡಿಸುತ್ತದೆ. ಅದನ್ನು ತಡೆಯಲೆಂದೇ ನಿಮಗೆ ಅಷ್ಟು ಬಿಸಿ ಓವನ್ ಹೇಳಿದ್ದು.