ಉ: ಐಸ್ ಹಾಕಿ ಹೊಡೆದಾಟದಲ್ಲಿ ಮಗನ ತಲೆಗೆ ಪೆಟ್ಟು, ಶನಿವಾರ ಆಡಿಸಬಹುದಾ?

ಇದು ಕನ್‌ಕಷನ್, ಅಂದರೆ ಪೆಟ್ಟಿನಿಂದ ಮಿದುಳಿಗೆ ಆಗುವ ಆಘಾತ, ಇರಬಹುದು. ತಲೆ ಮಂಜುಗಡ್ಡೆಗೆ ಬಡಿದು ಎರಡು ದಿನ ಆಗಿದೆ, ಇನ್ನೂ ತಲೆನೋವಿದೆ, ಬೆಳಕು ಕಂಡರೆ ಆಗಲ್ಲ ಅಂತೀರಿ. ಡಾಕ್ಟರ್ ನೋಡದೆ ಖಚಿತವಾಗಿ ಹೇಳಲಾಗದು, ಆದರೆ ಶನಿವಾರದ ಮ್ಯಾಚ್ ಬೇಡವೇ ಬೇಡ, ಕೋಚ್ ಏನೇ ಹೇಳಲಿ.

ಮೊದಲು ಇವತ್ತೇ ಡಾಕ್ಟರಿಗೆ ತೋರಿಸಿ. ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ತಲೆನೋವು ಏರುತ್ತಲೇ ಹೋದರೆ ಕಾಯಬೇಡಿ, ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಆಮೇಲೆ ಕೋಚ್‌ಗೆ ಬರಹದಲ್ಲೇ ತಿಳಿಸಿ. ನೀವಿರುವುದು ಕೆನಡಾದ ಒಂಟಾರಿಯೊದಲ್ಲಿ ಅಲ್ವಾ, ಅಲ್ಲಿ 2018ರ ರೋವನ್ಸ್ ಲಾ ಇದೆ: ಕನ್‌ಕಷನ್ ಅನುಮಾನ ಬಂದರೆ ಆಟದಿಂದ ಹೊರಗಿಡಬೇಕು, ವೈದ್ಯರ ಒಪ್ಪಿಗೆ ಇಲ್ಲದೆ ವಾಪಸ್ ಇಳಿಸುವಂತಿಲ್ಲ. ರಗ್ಬಿಯಲ್ಲಿ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ತಲೆಗೆ ಪೆಟ್ಟು ಬಿದ್ದು 2013ರಲ್ಲಿ ತೀರಿಕೊಂಡ 17 ವರ್ಷದ ರೋವನ್ ಸ್ಟ್ರಿಂಗರ್ ಹೆಸರಿನ ಕಾನೂನು ಅದು. ಮೊದಲ ಪೆಟ್ಟು ವಾಸಿಯಾಗುವ ಮುಂಚೆ ಬೀಳುವ ಇನ್ನೊಂದು ಪೆಟ್ಟೇ ನನಗೆ ಜಾಸ್ತಿ ಭಯ.

ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನವರು ಹೊಡೆದಾಡಿ ಐದು ನಿಮಿಷ ಹೊರಗೆ ಕೂತು ಮತ್ತೆ ಆಡ್ತಾರಲ್ಲ ಅಂತಾನಾ ಮಗ? ಡೆರೆಕ್ ಬೂಗಾರ್ಡ್ ವಿಷಯ ಹೇಳಿ. ಹೊಡೆದಾಟಕ್ಕೇ ಹೆಸರಾಗಿದ್ದ ಎನ್‌ಎಚ್‌ಎಲ್ ಆಟಗಾರ, ನೋವಿನ ಮಾತ್ರೆ ಮತ್ತು ಮದ್ಯ ಸೇರಿ 2011ರಲ್ಲಿ 28ಕ್ಕೇ ತೀರಿಕೊಂಡ. ಮಿದುಳು ಪರೀಕ್ಷಿಸಿದಾಗ ಸಿಟಿಇ, ಅಂದರೆ ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಬರುವ ಮಿದುಳಿನ ಕಾಯಿಲೆ, ಕಂಡಿತು. ಲೀಗ್ ಹೊಡೆದಾಟವನ್ನು ಇನ್ನೂ ಪೂರ್ತಿ ನಿಲ್ಲಿಸಿಲ್ಲ, ಅದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ ಕೆನಡಾದ ಕ್ವಿಬೆಕ್‌ನ ಜೂನಿಯರ್ ಲೀಗ್ 2023ರಿಂದ ಹೊಡೆದಾಡಿದವರನ್ನು ಆ ಮ್ಯಾಚಿನಿಂದಲೇ ಹೊರಗೆ ಕಳಿಸುತ್ತಿದೆ.

ಸದ್ಯಕ್ಕೆ ಫೋನು, ಟಿವಿ ಕಡಿಮೆ ಮಾಡಿಸಿ, ಸ್ವಲ್ಪ ನಡೆದಾಡಲಿ. ಶಾಲೆಗೆ ಪೂರ್ತಿ ಹೋಗುವಂತಾಗಲಿ, ಆಮೇಲೆ ಒಬ್ಬನೇ ಸ್ಕೇಟಿಂಗ್, ನಂತರ ಡಿಕ್ಕಿ ಇಲ್ಲದ ಅಭ್ಯಾಸ, ಡಾಕ್ಟರ್ ಒಪ್ಪಿದ ಮೇಲಷ್ಟೇ ಮ್ಯಾಚ್. ಒಂದೊಂದು ಹಂತಕ್ಕೂ ಕನಿಷ್ಠ ಒಂದು ದಿನ ಬಿಡಿ, ತಲೆನೋವು ಮರಳಿದರೆ ಒಂದು ಹಂತ ಹಿಂದಕ್ಕೆ.