ಮುಷ್ಟಿ ಕಳೆದುಕೊಂಡ ಗೋಕುವಿಗೆ ಒಂಬತ್ತೂವರೆ ಸಾವಿರ ಕೊಡಬಹುದೇ?

ಪ್ರಶ್ನೆ: ನನ್ನ ಮಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ, ಡ್ರ್ಯಾಗನ್ ಬಾಲ್ ಎಂಬ ಜಪಾನಿ ಕಾರ್ಟೂನಿನ ಹುಚ್ಚು. ಅವನ ಸೀನಿಯರ್ ಒಬ್ಬ ಅದರ ನಾಯಕ ಗೋಕುವಿನ, ಎಸ್.ಎಚ್. ಫಿಗ್ಯುಆರ್ಟ್ಸ್ ಅನ್ನುವ ಸಾಲಿನ ‘ಸೂಪರ್ ಸೈಯನ್’ ರೂಪದ ಫಿಗರನ್ನು (ಗೊಂಬೆಯನ್ನು) 9,500 ರೂಪಾಯಿಗೆ ಕೊಡುತ್ತಾನಂತೆ. ‘ಲಿಮಿಟೆಡ್ ಪೀಸು, ಈಗೆಲ್ಲೂ ಸಿಗಲ್ಲ, ಇಟ್ಟಷ್ಟೂ ರೇಟು ಏರುತ್ತೆ’ ಎನ್ನುವುದು ಅವನ ಮಾತು. ಗೇಣುದ್ದವೂ ಇಲ್ಲದ ಪ್ಲಾಸ್ಟಿಕ್ ಗೊಂಬೆಗೆ ಇಷ್ಟು ದುಡ್ಡೇ? ಆರು ಫೋಟೊ ಕಳಿಸಿದ್ದೇನೆ. ಅಸಲಿಯೋ ನಕಲಿಯೋ, ಬೆಲೆ ಸರಿಯೋ, ದಯವಿಟ್ಟು ತಿಳಿಸಿ.
– ಎಚ್.ಆರ್., ಶಿವಮೊಗ್ಗ

ಉತ್ತರ: ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಫಿಗರ್ ಅಸಲಿಯೇ ಇರಬೇಕು. ಬೆಲೆ ಮಾತ್ರ ಸುಳ್ಳು.

ಮೊದಲು ಇದು ಎಂಥ ವಸ್ತು ಎಂದು ಹೇಳಿಬಿಡುತ್ತೇನೆ, ಯಾಕೆಂದರೆ ದುಡ್ಡು ಕೊಡುವವರು ನೀವು. ಎಸ್.ಎಚ್. ಫಿಗ್ಯುಆರ್ಟ್ಸ್ ಜಪಾನಿನ ಬಾಂಡೈ ಕಂಪನಿಯ ಸಾಲು. 2008ರಲ್ಲಿ ಕಾಮೆನ್ ರೈಡರ್ ಎಂಬ ಜಪಾನಿ ಟಿ.ವಿ. ಸರಣಿಯ ಪಾತ್ರಗಳೊಂದಿಗೆ ಶುರುವಾಯಿತು, ಮರುವರ್ಷ ಡ್ರ್ಯಾಗನ್ ಬಾಲ್ ಸೇರಿತು. ಎತ್ತರ ಸುಮಾರು 14 ಸೆಂಟಿಮೀಟರ್. ಷೋಕೇಸಿನಲ್ಲಿ ಒಂದೇ ಭಂಗಿಯಲ್ಲಿ ನಿಲ್ಲುವ ಮೂರ್ತಿಯ ಹಾಗಲ್ಲ ಇದು. ಭುಜ, ಮೊಣಕೈ, ಸೊಂಟ, ಮೊಣಕಾಲು, ಪಾದದ ತುದಿಯವರೆಗೆ ಜಾಯಿಂಟ್‌ಗಳಿರುತ್ತವೆ. ಮುಖ, ಕೈ ಬಿಚ್ಚಿ ಬೇರೆಯದನ್ನು ಕೂರಿಸಬಹುದು. ಪೆಟ್ಟಿಗೆಯ ಮೇಲೆ 15 ವರ್ಷ ಮೇಲ್ಪಟ್ಟವರಿಗೆ ಎಂದು ಬರೆದಿರುತ್ತದೆ. ಹಾಗಾಗಿ ಇದರ ಗುಣಮಟ್ಟ ಅಳೆಯುವುದೆಂದರೆ ಮುಕ್ಕಾಲು ಪಾಲು ಜಾಯಿಂಟ್ ಅಳೆಯುವುದು. ಮುಖ ಚೆನ್ನಾಗಿದ್ದು ಸೊಂಟ ಲೊಡಲೊಡ ಅಂದರೆ ಆ ಗೋಕು ನಿಲ್ಲುವುದಿಲ್ಲ, ಮಲಗುತ್ತಾನೆ.

ಅಸಲಿ ಎಂದು ಏಕೆ ಅಂದೆ? ನಾಲ್ಕನೇ ಫೋಟೊದಲ್ಲಿ ಕಣ್ಣು ನೋಡಿ. ರೆಪ್ಪೆಯ ಕಪ್ಪು ಗೆರೆ ಚೂಪಾಗಿ ಮುಗಿದಿದೆ, ಎರಡೂ ಪಾಪೆಗಳು ಒಂದೇ ಕಡೆ ನೋಡುತ್ತಿವೆ. ಕಣ್ಣನ್ನು ಕುಂಚದಲ್ಲಿ ಬಿಡಿಸುವುದಿಲ್ಲ, ಅಚ್ಚೊತ್ತುತ್ತಾರೆ. ಬೂಟ್‌ಲೆಗ್ (ನಕಲಿ) ಮಾಡುವವರು ಮೊದಲು ಮುಗ್ಗರಿಸುವುದೇ ಇಲ್ಲಿ: ಒಂದು ಕಣ್ಣು ಬೆಂಗಳೂರು ನೋಡಿದರೆ ಇನ್ನೊಂದು ಮೈಸೂರು ನೋಡುತ್ತಿರುತ್ತದೆ. ಮೈಬಣ್ಣಕ್ಕೂ ಎಣ್ಣೆ ಹಚ್ಚಿದಂಥ ಹೊಳಪಿಲ್ಲ. ಪೆಟ್ಟಿಗೆಯ ಮೇಲೆ ಬರ್ಡ್ ಸ್ಟುಡಿಯೋ, ಶುಯೇಶಾ, ತೋಯಿ ಆನಿಮೇಷನ್ ಮೂರೂ ಹೆಸರಿನ ಹಕ್ಕುಸ್ವಾಮ್ಯದ ಸಾಲು ಸ್ಪಷ್ಟವಾಗಿದೆ. ಬರ್ಡ್ ಸ್ಟುಡಿಯೋ ಎಂದರೆ ಈ ಕತೆ ಬರೆದ ಅಕಿರಾ ತೊರಿಯಾಮಾ ಅವರದ್ದು, ಶುಯೇಶಾ ಅದರ ಪ್ರಕಾಶಕರು, ತೋಯಿ ಕಾರ್ಟೂನ್ ಮಾಡಿದವರು. ತೋಯಿಯ ಹೊಳೆಯುವ ಸ್ಟಿಕ್ಕರೂ ಇದೆ, ಆದರೆ ಅದೊಂದನ್ನೇ ನಂಬಬೇಡಿ. ಗೊಂಬೆಯನ್ನೇ ನಕಲು ಮಾಡುವವನಿಗೆ ಸ್ಟಿಕ್ಕರ್ ಯಾವ ಲೆಕ್ಕ?

ಕೂದಲಿನ ಅಂಚಿನಲ್ಲಿ ಸಣ್ಣ ಗೆರೆ ಕಾಣುತ್ತದೆ, ನಕಲಿ ಇರಬಹುದೇ ಎಂದು ನೀವೇ ಗುರುತು ಹಾಕಿ ಕೇಳಿದ್ದೀರಿ. ಅಚ್ಚಿನ ಎರಡು ಭಾಗ ಕೂಡಿದ ಗುರುತು ಅದು. ಅಸಲಿಯಲ್ಲೂ ಇರುತ್ತದೆ. ಫೋಟೊದಲ್ಲಿ ಸಿಗದ ಒಂದು ಪರೀಕ್ಷೆ ಮೂಗಿನದು. ಅಗ್ಗದ ನಕಲಿಯ ಪೆಟ್ಟಿಗೆ ತೆರೆದರೆ ಹೊಸ ರೆಕ್ಸಿನ್ನಿನಂಥ ಗಾಢ ವಾಸನೆ ಮುಖಕ್ಕೆ ಹೊಡೆಯುತ್ತದೆ.

ಇನ್ನು ಸ್ಥಿತಿ. ಪೆಟ್ಟಿಗೆಯೊಳಗಿನ ಪಾರದರ್ಶಕ ತಟ್ಟೆಯಲ್ಲಿ ಪ್ರತಿ ಕೈಗೂ ಒಂದು ಕುಳಿ ಇರುತ್ತದೆ. ಎರಡನೇ ಫೋಟೊದಲ್ಲಿ ಒಂದು ಕುಳಿ ಖಾಲಿ, ಬಲಗೈ ಮುಷ್ಟಿ ಇಲ್ಲ. ಸೀನಿಯರ್ ಮಹಾಶಯ ಇದನ್ನು ಬಾಯಿಬಿಟ್ಟು ಹೇಳಿಲ್ಲ ಅಂದುಕೊಳ್ಳುತ್ತೇನೆ. ‘ಒಂದು ಕೈ ತಾನೇ’ ಅನ್ನಬೇಡಿ. ಗೋಕು ಹೊಡೆದಾಡುವ ಪಾತ್ರ, ಎರಡೂ ಮುಷ್ಟಿ ಬೇಕು. ಬಿಡಿ ಕೈ ಹುಡುಕಿಕೊಂಡು ಹೋದರೆ ಸಿಗುವುದು ಅದೃಷ್ಟ. ಜೊತೆಗೆ ಮಣಿಕಟ್ಟಿನ ನೀಲಿ ಪಟ್ಟಿಯ ಬಣ್ಣ ಪಕ್ಕದ ಚರ್ಮದ ಬಣ್ಣಕ್ಕೆ ಇಳಿದಿದೆ. ಗಾಢ ಬಣ್ಣದ ಪಿ.ವಿ.ಸಿ. ತಿಳಿಬಣ್ಣದ್ದಕ್ಕೆ ವರ್ಷಗಟ್ಟಲೆ ಒತ್ತಿಕೊಂಡಿದ್ದರೆ ಹೀಗಾಗುತ್ತದೆ, ತೊಳೆದರೆ ಹೋಗುವುದಿಲ್ಲ.

ಜಾಯಿಂಟ್ ಫೋಟೊದಲ್ಲಿ ತಿಳಿಯದು. ಅರ್ಧ ನಿಮಿಷದ ವಿಡಿಯೊ ಕೇಳಿಸಿ. ತೋಳನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತಿ ಬಿಟ್ಟರೆ ಅಲ್ಲೇ ನಿಲ್ಲಬೇಕು. ಸ್ಟ್ಯಾಂಡಿಲ್ಲದೆ ಎರಡು ಕಾಲಿನ ಮೇಲೆ ನಿಲ್ಲಬೇಕು. ಮಣಿಕಟ್ಟಿನಿಂದ ಕೈ ಬಿಚ್ಚಿ ತೋರಿಸಲು ಹೇಳಿ. ಅಲ್ಲಿನ ಗೂಟ ತುಂಬ ತೆಳ್ಳಗಿರುತ್ತದೆ, ಮುರಿದು ಫೆವಿಕ್ವಿಕ್ ಹಾಕಿದ್ದರೆ ಬಿಳಿ ಕಲೆ ಕಾಣುತ್ತದೆ. ಇದು ನನ್ನ ಸ್ವಂತ ಅನುಭವ. ನನ್ನ ಮೊದಲ ಫಿಗರಿನ ಕೈ ಬಿಗಿಯಾಗಿದೆ ಎಂದು ಬಲ ಹಾಕಿ ತಿರುಗಿಸಿ ಒಂದೇ ಸಂಜೆಯಲ್ಲಿ ಅಂಗವಿಕಲ ಮಾಡಿದ್ದೆ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿದ್ದರೆ ಸಾಕಿತ್ತು.

ಈಗ ‘ಲಿಮಿಟೆಡ್’ ಮಾತಿಗೆ ಬರೋಣ. ಬಾಂಡೈ ಒಂದಷ್ಟು ಫಿಗರುಗಳನ್ನು ತನ್ನ ಆನ್‌ಲೈನ್ ಅಂಗಡಿಯಲ್ಲಿ ಮುಂಗಡ ಆರ್ಡರ್ ಪಡೆದು ಮಾತ್ರ ಮಾರುತ್ತದೆ. ಕೆಲವನ್ನು ಪ್ರದರ್ಶನಗಳಲ್ಲಷ್ಟೇ ಕೊಡುತ್ತದೆ. ಅವು ನಿಜವಾಗಿಯೂ ಕಡಿಮೆ. ನಿಮ್ಮ ಫೋಟೊದಲ್ಲಿರುವುದು ಅಂಗಡಿಗಳಿಗೆ ಬಂದ ಮಾಮೂಲಿ ಬಿಡುಗಡೆ. ಅದಕ್ಕಿಂತ ಮುಖ್ಯ ಸಂಗತಿ ಏನೆಂದರೆ, ಸೂಪರ್ ಸೈಯನ್ ಗೋಕುವನ್ನು ಬಾಂಡೈ ಒಂದೇ ಸಲ ಮಾಡಿ ಕೈತೊಳೆದುಕೊಂಡಿಲ್ಲ. ಮೈಕಟ್ಟು ಸುಧಾರಿಸಿ, ಜಾಯಿಂಟ್ ಮರೆಮಾಡಿ, ಮುಖ ತಿದ್ದಿ ಮತ್ತೆ ಮತ್ತೆ ತಂದಿದೆ. ಹೊಸದು ಬಂದಾಗಲೆಲ್ಲ ಹಳೆಯದರ ಬೇಡಿಕೆ ಇಳಿಯುತ್ತದೆ. ಅದೇ ಮಾದರಿಯನ್ನೇ ಮರುಬಿಡುಗಡೆ ಮಾಡುತ್ತೇವೆಂದು ಕಂಪನಿ ಪ್ರಕಟಿಸಿದ ದಿನವೇ ‘ಇಟ್ಟಷ್ಟೂ ಏರುವ’ ರೇಟು ಕೆಳಗೆ ಕೂರುವುದನ್ನು ನಾನು ಸಾಕಷ್ಟು ಸಲ ನೋಡಿದ್ದೇನೆ. ಚಿನ್ನದ ಲೆಕ್ಕ ಇಲ್ಲಿ ನಡೆಯದು. ಚಿನ್ನಕ್ಕೆ ಎರಡನೇ ಆವೃತ್ತಿ ಬರುವುದಿಲ್ಲ.

ಹಾಗಾದರೆ ಬೆಲೆ ತಿಳಿಯುವುದು ಹೇಗೆ? ಮಾರಾಟಕ್ಕಿಟ್ಟವರು ಬರೆದ ರೇಟು ನೋಡಬೇಡಿ. ಇಪ್ಪತ್ತು ಸಾವಿರ ಎಂದು ಬರೆದು ಎರಡು ವರ್ಷ ಕಾಯುವವರೂ ಇದ್ದಾರೆ. ಇಬೇಯಲ್ಲಿ ಮಾರಾಟವಾಗಿ ಹೋದವನ್ನಷ್ಟೇ ಸೋಸಿ ನೋಡುವ ಅವಕಾಶವಿದೆ. ಮಗನಿಗೆ ಹೇಳಿದರೆ ಎರಡು ನಿಮಿಷದಲ್ಲಿ ತೆಗೆದು ತೋರಿಸುತ್ತಾನೆ. ಆಮೇಲೆ ಜಪಾನಿನ ಸೆಕೆಂಡ್‌ಹ್ಯಾಂಡ್ ಅಂಗಡಿಗಳು. ಟೋಕಿಯೋದ ನಾಕಾನೊ ಬ್ರಾಡ್‌ವೇ ಕಟ್ಟಡದ ಮಂದರಾಕೆ ಈ ಲೋಕದಲ್ಲಿ ದೊಡ್ಡ ಹೆಸರು. ಅಮಿಅಮಿ ಎಂಬ ಅಂಗಡಿ ಹಳೆಯ ಫಿಗರಿಗೆ ಎರಡು ಅಂಕ ಕೊಡುತ್ತದೆ, ಒಂದು ಗೊಂಬೆಗೆ, ಇನ್ನೊಂದು ಪೆಟ್ಟಿಗೆಗೆ. ಗೊಂಬೆ ‘ಎ’, ಪೆಟ್ಟಿಗೆ ‘ಬಿ’ ಎಂದಿದ್ದರೆ ನಮ್ಮಂಥವರಿಗೆ ಹಬ್ಬ: ಪೆಟ್ಟಿಗೆಯ ಮೂಲೆ ನಜ್ಜಿದ್ದಕ್ಕೆ ರೇಟು ಇಳಿದಿರುತ್ತದೆ, ಒಳಗಿನದು ಹೊಸದರಂತೆ ಇರುತ್ತದೆ. ಅಲ್ಲಿನ ಬೆಲೆಗೆ ಸಾಗಣೆ, ಕಸ್ಟಮ್ಸ್ ಸುಂಕ ಸೇರಿಸಿ. ನಮ್ಮಲ್ಲಿ ಆಟಿಕೆ ಆಮದಿನ ಮೂಲ ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದ್ದರು. ಇಲ್ಲಿ ಕೈಗೆ ಸಿಗುವ ಫಿಗರಿಗೆ ಜಪಾನಿಗಿಂತ ಹೆಚ್ಚು ಕೇಳುವುದರಲ್ಲಿ ಸ್ವಲ್ಪ ನ್ಯಾಯವೂ ಇದೆ ಅನ್ನುವುದಕ್ಕೆ ಈ ಮಾತು.

ಆ ನ್ಯಾಯವನ್ನೆಲ್ಲ ಕೊಟ್ಟರೂ, ತೆರೆದ ಪೆಟ್ಟಿಗೆ, ಕಾಣೆಯಾದ ಮುಷ್ಟಿ, ಇಳಿದ ಬಣ್ಣ ಕಳೆದರೆ ನನ್ನ ಕೈ 3,500ರ ಮೇಲೆ ಏಳುವುದಿಲ್ಲ. ವಿಡಿಯೊದಲ್ಲಿ ಸೊಂಟ ಗಟ್ಟಿಯಾಗಿದ್ದು, ಹುಡುಗನಿಗೆ ತೀರಾ ಆಸೆ ಇದ್ದರೆ ನಾಲ್ಕು ಸಾವಿರ. ವಿಡಿಯೊ ಕೊಡಲು ಹಿಂದೆಮುಂದೆ ನೋಡಿದರೆ ಬೇಡವೇ ಬೇಡ.

ಪ್ರಶ್ನೆ: ಬಾನ್‌ಪ್ರೆಸ್ಟೊ ಎಂಬ ಬ್ರಾಂಡಿನ ಫಿಗರನ್ನು ‘ಜಪಾನಿನ ಅಂಗಡಿಯಲ್ಲೇ ಸಿಗದ್ದು’ ಎಂದು ಹೇಳಿ ಮಾರುತ್ತಿದ್ದಾರೆ. ನಿಜವೇ?
– ಎಸ್., ಹುಬ್ಬಳ್ಳಿ

ಉತ್ತರ: ಮಾತು ನಿಜ, ಅರ್ಥ ಬೇರೆ. ಅವು ಗೇಮ್ ಸೆಂಟರಿನ ಕ್ರೇನ್ ಯಂತ್ರದಲ್ಲಿ ಗೆಲ್ಲಲು ಮಾಡಿದ ಬಹುಮಾನದ ಫಿಗರುಗಳು. ರಾಶಿರಾಶಿ ತಯಾರಾಗುತ್ತವೆ, ಗೆದ್ದವರು ಮರುದಿನವೇ ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಹಾಕುತ್ತಾರೆ. ಕಣ್ಣಿಗೆ ಚೆಂದ ಕಂಡರೆ ಕಡಿಮೆ ಬೆಲೆಗೆ ಧಾರಾಳವಾಗಿ ಕೊಳ್ಳಿ.

ಪ್ರಶ್ನೆ: ಆರು ವರ್ಷ ಸೀಲ್ ಒಡೆಯದೆ ಕಪಾಟಿನಲ್ಲಿಟ್ಟಿದ್ದ ಫಿಗರನ್ನು ಮೊನ್ನೆ ತೆರೆದರೆ ಮೈಯೆಲ್ಲ ಅಂಟಂಟು. ಹಾಳಾಯಿತೇ?
– ವಿ.ಕೆ., ಕುಂದಾಪುರ

ಉತ್ತರ: ಇಲ್ಲ. ಪಿ.ವಿ.ಸಿ. ಮೆತ್ತಗಿರಲೆಂದು ಅದರಲ್ಲಿ ಎಣ್ಣೆಯಂಥ ರಾಸಾಯನಿಕ ಬೆರೆಸಿರುತ್ತಾರೆ. ಸೆಕೆಗೆ ಅದು ಮೇಲಕ್ಕೆ ಜಿನುಗುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಆರಿಹೋಗಲು ದಾರಿಯಿಲ್ಲದೆ ಮೈಮೇಲೇ ಕೂರುತ್ತದೆ. ನಿಮ್ಮ ಕರಾವಳಿಯಲ್ಲಿ ಇದು ಬೇಗ. ಸೀಲ್ ಒಡೆಯದೆ ಇಟ್ಟರೆ ಬೆಲೆ ಹೆಚ್ಚು ಎನ್ನುವವರು ಈ ಭಾಗವನ್ನು ಹೇಳುವುದಿಲ್ಲ.

ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆಯ ಬ್ರಷ್‌ನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ. ಥಿನ್ನರ್, ಸ್ಪಿರಿಟ್ ಹತ್ತಿರ ತರಬೇಡಿ. ಬಿಸಿಲಿಗೂ ಇಡಬೇಡಿ, ಬಿಳಿ ಭಾಗ ಹಳದಿಯಾಗುತ್ತದೆ, ಕಾಲು ಬಾಗುತ್ತದೆ. ಅಂಟು ಕೆಲವು ತಿಂಗಳ ಮೇಲೆ ಮತ್ತೆ ಬರಬಹುದು, ಆಗ ಮತ್ತೆ ತೊಳೆಯಿರಿ. ತೊಳೆಯುವಾಗ ಬ್ರಷ್ಷಿಗೆ ಬಣ್ಣ ಹತ್ತಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿ ಒಂದು ಫೋಟೊ ಕಳಿಸಿ.